ಕೋಳಿ ಕೊಟ್ಟು ಬಾ ಎಂದವಳು

ಅಂಗೋನಿಗಳ ಹಿರಿಯನೊಬ್ಬ ಸತ್ತಾಗ ಅವನಿಗೆಂದು ತೋಡಿದ ಗುಂಡಿಗೆ ನನ್ನ ಗೆಳತಿ ಸೊಮೋಯೆ ಇಳಿದು ಮಲಗಿದ್ದನ್ನು ಕಣ್ಣಾರೆ ಕಂಡವಳು ನಾನು. ಹೆಣ ಹೊತ್ತವರು ಅಂಚಿನಲ್ಲಿ ನಿಂತಿದ್ದಾರೆ, ಪಾದ್ರಿ ಬಿಸಿಲಲ್ಲಿ ಬೆವರುತ್ತಿದ್ದಾರೆ, ಈ ಮಹರಾಯಿತಿ ಒಳಗೆ ಅಂಗಾತ ಬಿದ್ದುಕೊಂಡು ಕೂಗುತ್ತಿದ್ದಾಳೆ.

"ಈ ಮುದುಕ ಬದುಕಿದ್ದಾಗ ನಮ್ಮಜ್ಜನ ಹೊಲ ಕಿತ್ಕೊಂಡ. ಸತ್ತ ಮೇಲೆ ನನ್ನ ಹಾಸಿಗೇನೂ ಕಿತ್ಕೋಬೇಕಾ? ಏಳಲ್ಲ ಹೋಗ್ರೋ! ಅನ್ನ ತನ್ನಿ, ಮೇಲೆ ಮೇಕೆ ತೊಡೆ ಇಡಿ, ಆಮೇಲೆ ಯೋಚ್ನೆ ಮಾಡ್ತೀನಿ."

ಅಪ್ಪನಿಗಾಗಿ ಬೆಳಗಿನಿಂದ ಅತ್ತು ಗಂಟಲು ಕಟ್ಟಿಹೋಗಿದ್ದ ಹೆಣ್ಣುಮಕ್ಕಳು ಅಲ್ಲೇ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಗುತ್ತಲೇ ಮತ್ತೆ ಅತ್ತರು. ಸೊಮೋಯೆಯನ್ನು ನಾಲ್ಕು ಜನ ಸೇರಿ ಎತ್ತಿ ಹೊರಗೆ ಹಾಕಿದ ಮೇಲೆಯೇ ಮಣ್ಣಾಯಿತು.

ನಮ್ಮಲ್ಲಿ ಇದಕ್ಕೆ ಉತಾನಿ ಅನ್ನುತ್ತಾರೆ. ನಾವು ಯಾವೋ ಬುಡಕಟ್ಟಿನವರು, ಅವರು ಅಂಗೋನಿಗಳು. ಮುತ್ತಜ್ಜಂದಿರು ಈಟಿಯಲ್ಲಿ ಇರಿದಾಡಿಕೊಂಡು ಸತ್ತರು; ಮೊಮ್ಮಕ್ಕಳಾದ ನಮಗೆ ಉಳಿದದ್ದು ಗೇಲಿಯ ನಂಟು. ಅವರು ನಮ್ಮನ್ನು ಗುಲಾಮರು ಅನ್ನಬಹುದು, ನಾವು ಅವರನ್ನು ಕಳ್ಳರು ಅನ್ನಬಹುದು, ಅವರ ಮನೆಗೆ ನುಗ್ಗಿ ಒಲೆಯ ಮೇಲಿನ ಪಾತ್ರೆ ಎತ್ತಿಕೊಂಡು ಬರಬಹುದು. ಸಿಟ್ಟು ಮಾತ್ರ ಬರಬಾರದು. ಗೇಲಿನೆಂಟರ ಮೇಲೆ ಸಿಟ್ಟಾದವರೇ ತಪ್ಪುಗಾರರು. ಅವರು ಒಂದು ಕೋಳಿಯನ್ನು ತಪ್ಪುಕಾಣಿಕೆಯಾಗಿ ಒಯ್ದು ಎದುರಿನವರ ಮನೆಯಲ್ಲಿ ಕೊಟ್ಟು, ಕೈ ಮುಗಿದು, ನಕ್ಕು ಬರಬೇಕು. ಈ ಕಟ್ಟಳೆಯನ್ನು ನಮ್ಮ ಮಸಾಸಿ ಊರಿನಲ್ಲಿ ಸೊಮೋಯೆಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅದೇ ಅವಳನ್ನು ತಿಂದುಹಾಕಿತು.

ಅವಳು ಮತ್ತು ನಾನು ಒಂದೇ ಗೋಡಂಬಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕೂತವರು. ನಾನು ಬೀಜ ಒಡೆಯುವ ಸಾಲಿನಲ್ಲಿ, ಅವಳು ಪೊರೆ ಸುಲಿಯುವ ಕೋಣೆಯಲ್ಲಿ. ಸಿಪ್ಪೆಯ ಸೊನೆಗೆ ನನ್ನ ಬೆರಳುಗಳು ಸುಟ್ಟು ಕಪ್ಪಾಗಿ ಹೋಗಿವೆ. ಎಷ್ಟು ಬೂದಿ ಹಚ್ಚಿಕೊಂಡರೂ ಅಷ್ಟೇ. ಅವಳ ಕೈ ಮಾತ್ರ ಮದುವಣಗಿತ್ತಿಯ ಕೈ. ಹೊಟ್ಟೆಕಿಚ್ಚು ಪಡುತ್ತಿದ್ದೆ, ಸುಳ್ಳೇಕೆ ಹೇಳಲಿ. ಗಂಡ ಸತ್ತ ಮೇಲೆ ಇಬ್ಬರು ಮಕ್ಕಳನ್ನು ಆ ಕೈಯಿಂದಲೇ ಸಾಕಿದಳು. ಜಗಳ ಬಿಡಿಸುವುದರಲ್ಲಿ ಎತ್ತಿದ ಕೈ. ಗಂಡ ಹೆಂಡತಿಯ ಜಗಳ, ಬಕೆಟ್ಟಿನ ಜಗಳ, ಸಾಲಿನಲ್ಲಿ ಯಾರು ಮುಂದೆ ಎಂಬ ಜಗಳ, ಎಲ್ಲವನ್ನೂ ನಗಿಸಿ ನಗಿಸಿ ಮುಗಿಸಿಬಿಡುತ್ತಿದ್ದಳು. ಕಾರ್ಖಾನೆಯಲ್ಲಿ ಕೆಲಸಗಾರರ ಸಮಿತಿ ಮಾಡಬೇಕೆಂಬ ಮಾತು ಬಂದಾಗ ನಾವೆಲ್ಲ ಅವಳ ಹೆಸರನ್ನೇ ಕೂಗಿದೆವು. ನಾನೇ ಎಲ್ಲರಿಗಿಂತ ಜೋರಾಗಿ ಕೂಗಿದೆ.

ಆ ವರ್ಷವೇ ಮೇಸ್ತ್ರಿಯಾಗಿ ಕಾಸ್ಟೋರ್ ಗಾಮಾ ಬಂದ. ಸೊಂಗೆಯಾ ಕಡೆಯ ಅಂಗೋನಿ. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಬಾಯಿ ತೆಗೆದರೆ ಗೇಲಿ. ಮೊದಲ ದಿನವೇ ಕೋಣೆಯ ಬಾಗಿಲಲ್ಲಿ ನಿಂತು, "ಓಹೋ, ನಮ್ಮಜ್ಜ ಗೆದ್ದ ಗುಲಾಮರೆಲ್ಲ ಇಲ್ಲೇ ಇದ್ದಾರಲ್ಲ!" ಎಂದ. ಸೊಮೋಯೆ ತಲೆಯನ್ನೂ ಎತ್ತದೆ, "ನಿಮ್ಮಜ್ಜ ಗೆದ್ದಿದ್ದು ಓಟದ ಪಂದ್ಯ ಕಣಪ್ಪಾ. ನಮ್ಮೋರು ಹಿಂದೆ ಅಟ್ಟಿಸಿಕೊಂಡು ಬರ್ತಿದ್ರು," ಎಂದಳು. ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ. ಒಳ್ಳೆಯ ಮೇಸ್ತ್ರಿ ಸಿಕ್ಕಿದ ಎಂದುಕೊಂಡೆವು.

ಸಂಜೆ ಬಿಡುವಾಗ ಗೇಟಿನಲ್ಲಿ ಮೈ ತಪಾಸಣೆ. ಬಟ್ಟೆಯಲ್ಲಿ ತಿರುಳು ಬಚ್ಚಿಟ್ಟುಕೊಂಡು ಒಯ್ಯುತ್ತೇವೆಂದು ಯಜಮಾನರಿಗೆ ಅನುಮಾನ. ಅದಕ್ಕೆಂದೇ ಒಬ್ಬ ಹೆಂಗಸು ಇದ್ದಳು. ಅವಳು ಬಾರದ ದಿನ ಕಾಸ್ಟೋರ್ ತಾನೇ ನಿಲ್ಲುತ್ತಿದ್ದ. ಬರಬರುತ್ತ ಅವಳು ಬಾರದ ದಿನಗಳೇ ಹೆಚ್ಚಾದವು. "ಬಾರೇ ನನ್ನ ಗುಲಾಮಳೇ, ಯುದ್ಧದಲ್ಲಿ ಗೆದ್ದ ಹೆಂಡ್ತಿ ನೀನು, ಎಲ್ಲಿ ಬಚ್ಚಿಟ್ಟಿದ್ದೀಯಾ ನೋಡೋಣ," ಎನ್ನುತ್ತ ಕೈ ಆಡಿಸುತ್ತಿದ್ದ. ನನ್ನಂಥ ಮುದಿ ಮೂಳೆಗಳನ್ನು ಬೇಗ ಬಿಡುತ್ತಿದ್ದ. ಎಳೆಯ ಹುಡುಗಿಯರ ಬಳಿ ತಪಾಸಣೆ ಉದ್ದವಾಗುತ್ತಿತ್ತು. ಅವರು ನಗುತ್ತಿದ್ದರು. ನಗದೆ ಏನು ಮಾಡಬೇಕಿತ್ತು? ಮರುದಿನ ನಮ್ಮ ತಿರುಳಿನ ಡಬ್ಬಿ ತೂಗಿ ಕೂಲಿ ಬರೆಯುವವನೂ ಅವನೇ, ಪುಡಿಯಾಗಿದೆ ಎಂದು ಕೂಲಿಯಿಲ್ಲದೆ ಪಕ್ಕಕ್ಕೆ ತಳ್ಳುವವನೂ ಅವನೇ.

ನಗದವಳು ಒಬ್ಬಳು ಬಂದಳು. ಜೈನಬು. ಇಪ್ಪತ್ತೆರಡು ವರ್ಷ. ತಾಯಿಯ ಕಾಲಿಗೆ ಸ್ವಾಧೀನವಿಲ್ಲ, ಮನೆಯ ಒಲೆ ಇವಳ ದುಡಿಮೆಯ ಮೇಲೆ ಉರಿಯಬೇಕು. ಸೊಮೋಯೆಯ ಪಕ್ಕದ ಮಣೆಯಲ್ಲೇ ಕೂತು ಪೊರೆ ಸುಲಿಯುತ್ತಿದ್ದಳು. ಮಾತು ಕಡಿಮೆ. ಗೇಟಿನಲ್ಲಿ ಅವನ ಕೈ ಬಂದಾಗ ಎರಡು ಹೆಜ್ಜೆ ಹಿಂದೆ ಸರಿದು, "ತಪಾಸಣೆಯ ಅಮ್ಮ ಬರಲಿ, ಕಾಯ್ತೀನಿ," ಎಂದು ನಿಂತುಬಿಟ್ಟಳು. ಮೂರು ದಿನ ಹಾಗೆ ಕತ್ತಲಾಗುವವರೆಗೆ ನಿಂತಳಂತೆ. ನಾಲ್ಕನೆಯ ದಿನ ಅವನು ಎಲ್ಲರೆದುರು ಅವಳ ಸೊಂಟ ಹಿಡಿದು ಎಳೆದುಕೊಂಡ. ಅವಳು ಕೆನ್ನೆಗೆ ಬಾರಿಸಿದಳು. ಟಪ್ಪೆಂಬ ಸದ್ದು ಸಾಲಿನ ಕೊನೆಯವರೆಗೂ ಕೇಳಿತು.

ಮರುದಿನ ಇಬ್ಬರೂ ಸಮಿತಿಗೆ ದೂರು ತಂದರು. ಅವನೂ ತಂದ, ನೋಡಿ! ಗೇಲಿನೆಂಟನ ಮೇಲೆ ಕೈ ಮಾಡಿದಳು, ಕಟ್ಟಳೆ ಮುರಿದಳು ಎಂದು.

ಊಟದ ಹೊತ್ತಿನಲ್ಲಿ ಮಾವಿನ ಮರದ ಕೆಳಗೆ ಸೇರಿದೆವು. ಸಮಿತಿಯಲ್ಲಿ ಇನ್ನಿಬ್ಬರು ಗಂಡಸರಿದ್ದರು, ಅವರು ಹಲ್ಲಿಗೆ ಕಡ್ಡಿ ಆಡಿಸುತ್ತ ಎಲ್ಲವನ್ನೂ ಸೊಮೋಯೆಗೆ ಬಿಟ್ಟರು. ನಾವು ಸುತ್ತ ನಿಂತಿದ್ದೆವು.

"ಬಿ ಸೊಮೋಯೆ, ಅವರು ದಿನಾ ಮೈ ಮುಟ್ಟೋಕೆ ಬರ್ತಾರೆ," ಎಂದಳು ಜೈನಬು, ಹಿರಿಯ ಹೆಂಗಸಿಗೆ ಸಲ್ಲುವ 'ಬಿ' ಸೇರಿಸಿ. "ಮಾತಲ್ಲೂ ಅದೇ. ನನ್ನ ಮನೆಗೆ ಬಾ ಅಂತಾರೆ. ಬರದಿದ್ರೆ ಡಬ್ಬಿ ಪುಡಿ ಲೆಕ್ಕಕ್ಕೆ ಹೋಗುತ್ತೆ ಅಂತಾರೆ."

"ನಾನು ಇವಳ ಗೇಲಿನೆಂಟ ತಾನೇ?" ಎಂದ ಕಾಸ್ಟೋರ್, ಕೆನ್ನೆ ಸವರಿಕೊಳ್ಳುತ್ತ. "ಬಿ ಸೊಮೋಯೆಗೂ ಮನೆಗೆ ಬಾ ಅಂತೀನಿ. ಅವರೇನು ಬಂದುಬಿಡ್ತಾರಾ?"

"ಬಂದ್ರೆ ನಿನ್ನ ಅಕ್ಕಿ ಮೂಟೆ ಖಾಲಿ ಮಾಡಿ ಬರ್ತೀನಿ ಕಣೋ," ಎಂದಳು ಸೊಮೋಯೆ. ಎಲ್ಲರೂ ನಕ್ಕರು. ನಗು ನಿಲ್ಲುವವರೆಗೆ ಹುಡುಗಿ ನೆಲ ನೋಡುತ್ತ ನಿಂತಿದ್ದಳು.

"ಮಗಳೇ, ನಾವೂ ಇದನ್ನೆಲ್ಲ ದಾಟಿ ಬಂದೋರೇ," ಎಂದಳು ಸೊಮೋಯೆ. ದನಿ ಮೆತ್ತಗಿತ್ತು. "ನಿನ್ನ ವಯಸ್ಸಲ್ಲಿ ನನಗೂ ಒಬ್ಬ ಅಂಗೋನಿ ಗುಮಾಸ್ತ ಇದ್ದ. ನಕ್ಕೆ, ಮುಗೀತು. ಗೇಲಿಗೆ ಗೇಲಿ ಕೊಡಬೇಕು, ಏಟು ಕೊಡಬಾರದು. ಏಟು ಕೊಟ್ಟಿದ್ದೀಯಾ. ಭಾನುವಾರ ಒಂದು ಕೋಳಿ ತಗೊಂಡು ಇವನ ಮನೇಲಿ ಕೊಟ್ಟು ಬಾ. ಅಲ್ಲಿಗೆ ಎಲ್ಲ ಸರಿಹೋಗುತ್ತೆ."

"ನೀವೂ ಜೊತೆಗೆ ಬರ್ತೀರಾ?"

ಸೊಮೋಯೆ ಅವಳ ಕಡೆ ನೋಡದೆ ಊಟದ ಡಬ್ಬಿಯ ಮುಚ್ಚಳ ಹಾಕಿದಳು. "ತಪ್ಪು ಮಾಡಿದೋರು ತಾವೇ ಹೋಗಬೇಕು. ಅದೇ ಕಟ್ಟಳೆ," ಎಂದಳು.

ಸಮಿತಿಯ ಪುಸ್ತಕದಲ್ಲಿ ಬರೆದದ್ದು ಒಂದು ಸಾಲು: ತಮಾಷೆಯ ವಿಷಯ, ತಪ್ಪುಕಾಣಿಕೆಯಿಂದ ತೀರ್ಮಾನವಾಗಿದೆ. ಹುಡುಗಿಯ ಮನೆಯಲ್ಲಿ ಕೋಳಿ ಇರಲಿಲ್ಲ. ನನ್ನ ಹಿತ್ತಿಲಿನ ಚುಕ್ಕೆ ಹೇಂಟೆಯನ್ನು ಹಿಡಿದು, ಕಾಲು ಕಟ್ಟಿ, ಅವಳ ಕೈಗೆ ಕೊಟ್ಟವಳು ನಾನು. ದೊಡ್ಡ ಉಪಕಾರ ಮಾಡಿದೆನೆಂಬ ಜಂಬ ಬೇರೆ.

ಭಾನುವಾರ ಮಧ್ಯಾಹ್ನ ಅವಳು ಹೋಗುವುದನ್ನೂ ನೋಡಿದೆ, ಬರುವುದನ್ನೂ ನೋಡಿದೆ. ನಾನು ನಲ್ಲಿಯ ಬಳಿ ನೀರಿಗೆ ಕಾಯುತ್ತಿದ್ದೆ. ಬರುವಾಗ ತಲೆಯ ಮೇಲಿನ ಕಾಂಗಾ ಬಟ್ಟೆಯನ್ನು ಮುಖ ಮುಚ್ಚುವಂತೆ ಹೊದ್ದಿದ್ದಳು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. "ಕೊಟ್ಟು ಬಂದ್ಯಾ?" ಎಂದು ಕೇಳಿದೆ. ನನ್ನ ಪಕ್ಕದಿಂದಲೇ ಹಾದುಹೋದಳು, ಕಿವಿಗೆ ಬೀಳಲೇ ಇಲ್ಲವೇನೋ ಎಂಬಂತೆ. ಸಿಟ್ಟಿನಿಂದಲೋ ನಾಚಿಕೆಯಿಂದಲೋ ಎಂದುಕೊಂಡು ಬಿಂದಿಗೆ ತುಂಬಿಸಿಕೊಂಡೆ.

ಸೋಮವಾರ ಕೆಲಸಕ್ಕೆ ಬಂದಳು. ಎರಡು ವಾರ ಬಂದಳು. ಮೂರನೆಯ ವಾರ ಬರಲಿಲ್ಲ. ಬಸ್ ನಿಲ್ದಾಣದಲ್ಲಿ ಒಲೆ ಹೂಡಿ ಮರಗೆಣಸು ಕರಿದು ಮಾರತೊಡಗಿದಳು.

ಇನ್ನು ಸೊಮೋಯೆಯ ವಿಷಯ. ಆ ಭಾನುವಾರ ಕಳೆದು ನಾಲ್ಕೈದು ದಿನಕ್ಕೆ ಕಾಸ್ಟೋರ್ ಅವಳ ಮಣೆಯ ಬಳಿ ನಿಂತು, ಹಲ್ಲು ಬಿಟ್ಟು, "ಬಿ ಸೊಮೋಯೆ, ಕೋಳಿ ಎಳೇದಿತ್ತು. ಇನ್ನೊಂದು ಕಳಿಸಿ," ಎಂದ. ಸೊಮೋಯೆ ನಕ್ಕಳು. ಗೇಲಿಗೆ ನಗುವುದು ಅವಳ ಮೈಗೆ ಅಂಟಿದ ಗುಣ, ನಗು ತಾನಾಗಿ ಬಂದುಬಿಟ್ಟಿತು. ನಕ್ಕು ಬಾಯಿ ಮುಚ್ಚುವಾಗ ಪಕ್ಕದ ಮಣೆಯಲ್ಲಿ ಜೈನಬು ತನ್ನನ್ನೇ ನೋಡುತ್ತಿದ್ದುದು ಕಂಡಿತು. ಇದನ್ನು ಸೊಮೋಯೆಯೇ ನನಗೆ ಹೇಳಿದಳು, ತಿಂಗಳುಗಳಾದ ಮೇಲೆ. "ಹದೀಜಾ, ಆ ನಗು ನನ್ನ ಗಂಟಲಲ್ಲೇ ಕೂತಿದೆ ಕಣೇ, ಇಳೀತಾ ಇಲ್ಲ," ಎಂದಳು.

ಅಲ್ಲಿಂದ ಅವಳು ಬೇರೆಯೇ ಆದಳು. ಹುಡುಗಿ ಎದ್ದುಹೋದ ಮಣೆಗೆ ಬೇರೆಯವರು ಬಂದರೆ, "ಅಲ್ಲಿ ಕೂರ್ಬೇಡ, ಅವಳು ಬರ್ತಾಳೆ," ಎನ್ನುತ್ತಿದ್ದಳು. ಬೆಳಗಿನ ಹೊತ್ತಿನಲ್ಲಿ ಆ ಮಣೆಯ ಕಡೆ ತಿರುಗಿ ಸಣ್ಣಗೆ ಏನೋ ಮಾತಾಡಿ, ಉತ್ತರಕ್ಕೆ ಕಾದು, ಮತ್ತೆ ಪೊರೆ ಸುಲಿಯುತ್ತಿದ್ದಳು. ಕೋಳಿ ರೆಕ್ಕೆ ಬಡಿಯುವ ಸದ್ದು ಕೇಳುತ್ತದೆ ಎಂದು ಕೆಲಸ ನಿಲ್ಲಿಸಿ ಛಾವಣಿ ನೋಡುತ್ತಿದ್ದಳು. ಕಾರ್ಖಾನೆಯೊಳಗೆ ಕೋಳಿ ಎಲ್ಲಿಂದ ಬರಬೇಕು? ಯಾರೋ ಗಾಳಿ ಸೋಕಿದೆ ಎಂದರು, ಮಸೀದಿಯ ಶೇಖ್ ಅವರ ಬಳಿ ಓದಿಸಿದ ನೀರು ತಂದು ಚಿಮುಕಿಸಿದರು. ಅಂಗೋನಿಗಳ ಮನೆಯಲ್ಲಿ ಸಾವಾಗಿ ಕರೆ ಬಂದರೆ ಸೊಮೋಯೆ ಹೋಗುತ್ತಿರಲಿಲ್ಲ. ಹೋಗದೆ ಇರುವುದು ದೊಡ್ಡ ಮಾತು, ಅವರು ಬೇಜಾರು ಮಾಡಿಕೊಂಡರು.

ಎಲ್ಲಕ್ಕಿಂತ ಕೆಟ್ಟದ್ದು ಬಸ್ ನಿಲ್ದಾಣ. ಮನೆಗೆ ಹೋಗುವ ದಾರಿ ಅದೊಂದೇ. ದಿನವೂ ಜೈನಬು ಬಾಣಲೆಯ ಮುಂದಿನಿಂದ ಎದ್ದು ನಿಂತು, "ಶಿಕಮೋ, ಬಿ ಸೊಮೋಯೆ," ಎಂದು ಹಿರಿಯರಿಗೆ ಹೇಳುವ ನಮಸ್ಕಾರ ಹೇಳುತ್ತಿದ್ದಳು. ದನಿಯಲ್ಲಿ ಒಂದಿಷ್ಟೂ ಕೊಂಕಿಲ್ಲ. ಹೇಳಿ, ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಸೊಮೋಯೆ "ಮರಹಬ" ಎಂದು ಒಪ್ಪಿಸಿಕೊಳ್ಳಬೇಕು. ಆ ಒಂದು ಮಾತನ್ನು ಹೊರಡಿಸುವಷ್ಟರಲ್ಲಿ ಅವಳ ತುಟಿ ಬಿಳಚಿಕೊಳ್ಳುತ್ತಿತ್ತು. "ಬೈದ್ರೆ ಎಷ್ಟೋ ವಾಸಿ," ಎನ್ನುತ್ತಿದ್ದಳು ನನ್ನ ಬಳಿ. "ಅವಳೇನೋ ಹುಡುಕ್ತಾಳೆ ಕಣೇ ನನ್ನ ಮುಖದಲ್ಲಿ. ಸಿಕ್ಕಿಬಿಡುತ್ತೇನೋ ಅಂತ ಭಯ."

"ಆ ಭಾನುವಾರ ಏನಾಯ್ತು ಅಂತ ಅವಳನ್ನೇ ಕೇಳಬಾರದಾ?" ಎಂದೆ ಒಮ್ಮೆ, ರೇಗಿ.

"ಕೇಳಿದ್ರೆ ಹೇಳಿಬಿಡ್ತಾಳಲ್ಲೇ," ಎಂದಳು.

ಹೀಗೆ ಎಂಟು ತಿಂಗಳು. ಮಳೆಗಾಲ ಮುಗಿದು ಹೊಸ ಬೀಜ ಬರುವ ಹೊತ್ತಿಗೆ ಕಾರ್ಮಿಕ ಸಂಘದ ಕಡೆಯಿಂದ ಒಬ್ಬ ವಕೀಲೆ ಬಂದಳು, ಫೆಲಿಸ್ತಾ ಹೌಲೆ. ಕಾನೂನು ತಿಳಿಸಿಕೊಡುತ್ತಾರಂತೆ ಎಂದು ನಮ್ಮನ್ನೆಲ್ಲ ಉಗ್ರಾಣದಲ್ಲಿ ಗೋಣಿಚೀಲಗಳ ಮೇಲೆ ಕೂರಿಸಿದರು. ಮೇಸ್ತ್ರಿಗಳನ್ನು ಹೊರಗೆ ಕಳಿಸಿ ಅವಳೇ ಬಾಗಿಲು ಹಾಕಿದಳು.

"ಏನ್ರೇ ಯಾವೋಗಳೇ, ನಿಮ್ಮ ಒಡತಿ ಬಂದಿದ್ದೀನಿ. ಎದ್ದು ನಿಲ್ಲೋದೂ ಗೊತ್ತಿಲ್ವಾ?" ಎಂದಳು. ಅಂಗೋನಿ ಹೆಂಗಸು!

"ಕೂತ್ಕೊಳ್ಳಮ್ಮಾ," ಎಂದಿತು ಹಿಂದಿನಿಂದ ಒಂದು ದನಿ. "ನಿಮ್ಮಜ್ಜ ಓಡೋವಾಗ ಬಿಸಾಕಿಹೋದ ಈಟಿ ನಮ್ಮನೇಲಿ ಒಲೆ ಕೆದಕೋಕೆ ಇಟ್ಕೊಂಡಿದ್ದೀವಿ, ಹೋಗೋವಾಗ ತಗೊಂಡು ಹೋಗು."

ಉಗ್ರಾಣ ಹಾರಿಹೋಗುವ ಹಾಗೆ ನಕ್ಕೆವು. ಎಷ್ಟೋ ದಿನದ ಮೇಲೆ ಹಾಗೆ ನಕ್ಕಿದ್ದು. ಫೆಲಿಸ್ತಾಳೂ ಕಣ್ಣೊರೆಸಿಕೊಂಡು ನಕ್ಕು, ಆಮೇಲೆ ಕೇಳಿದಳು.

"ನನಗೆ ಹೀಗೆ ತಿರುಗಿಸಿ ಕೊಟ್ರಲ್ಲ. ನಿಮ್ಮ ಡಬ್ಬಿ ತೂಗೋ ಗಂಡಸಿಗೂ ಹೀಗೇ ಕೊಡ್ತೀರಾ?"

ಮುಂದೆ ಕೂತಿದ್ದ ಹುಡುಗಿಯರು ಮುಚ್ಚಿದ ಬಾಗಿಲ ಕಡೆ ನೋಡಿದರು.

"ಕೊಡೋಕಾಗಲ್ಲ ಅಂದ್ರೆ ಅದು ಉತಾನಿ ಹೇಗಾಯ್ತು? ಎರಡೂ ಕಡೆ ಬಾಯಿ ಇದ್ರೆ ತಾನೇ ಗೇಲಿ? ನಮ್ಮ ಅಜ್ಜಂದಿರ ಕಟ್ಟಳೇಲೂ ಇದಿಲ್ಲ. ಅದನ್ನ ಬಿಡಿ, ಕಾನೂನು ಏನು ಕೇಳುತ್ತೆ ಹೇಳ್ತೀನಿ. ಅವನು ತಮಾಷೆಗೆ ಅಂದನಾ ಅಂತ ಕಾನೂನು ಅವನ ಮುಖ ನೋಡಲ್ಲ. ಅವಳಿಗೆ ಅದು ಬೇಕಿತ್ತಾ ಅಂತ ಅವಳ ಮುಖ ನೋಡುತ್ತೆ. ಕೈ ಹಾಕಲೇಬೇಕು ಅಂತಿಲ್ಲ, ಬೇಡದ ಮಾತು ಸಾಕು. ಕೆಲಸ ಕೊಡೋ ಕೈ ಇರೋನು, ಕಿತ್ಕೊಳ್ಳೋ ಕೈ ಇರೋನು ಹಾಗೆ ಮಾಡಿದ್ರೆ ಅದು ಅಪರಾಧ. ತಪಾಸಣೆ ಹೆಸರಲ್ಲಿ ಮಾಡಿದ್ರೂ ಅಷ್ಟೇ. ಮನೆಗೆ ಬಂದ್ರೆ ಒಳ್ಳೇ ತೂಕ, ಬರದಿದ್ರೆ ಪುಡಿ ಅಂದ್ರಂತೂ ಕೇಳೋದೇ ಬೇಡ."

ಆಗ ಸೊಮೋಯೆ ಎದ್ದು ನಿಂತಳು. ಗೋಣಿಚೀಲದ ಒಂದು ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಅವಳು ಬಾಯಿಬಿಟ್ಟು ಬೇಡ ಅನ್ನದೆ ಇದ್ರೆ?"

"ಹೊಟ್ಟೆಪಾಡಿಗೆ ಹೆದರಿ ಸುಮ್ಮನಿದ್ದೋಳು ಒಪ್ಪಿದೋಳಲ್ಲ, ಅಮ್ಮ."

"ನಕ್ಕಿದ್ರೆ?"

"ನಗೂ ಒಪ್ಪಿಗೆ ಅಲ್ಲ. ನಾವೆಲ್ಲ ಎಷ್ಟು ಸಲ ಹೆದರಿಕೊಂಡು ನಕ್ಕಿಲ್ಲ?"

ಸೊಮೋಯೆಯ ಕಣ್ಣು ತುಂಬಿತು. ಅವಳು ತನ್ನ ಆ ಗುಮಾಸ್ತನನ್ನು ನೆನೆದಳೆಂದು ನನಗೆ ಗೊತ್ತಾಯಿತು. ಮೂವತ್ತು ವರ್ಷ ನಕ್ಕು ಮುಚ್ಚಿಟ್ಟಿದ್ದ ಆ ಕಥೆಯಲ್ಲಿ ಅವಳಿಗೂ ಅದು ಬೇಕಿರಲಿಲ್ಲ ಎಂಬುದು ನಮಗ್ಯಾರಿಗೂ ಅದುವರೆಗೆ ಹೊಳೆದಿರಲಿಲ್ಲ.

"ಹಿರಿಯರು ಕೂತು, ಇದು ತಮಾಷೆ ಅಂತ ತೀರ್ಮಾನ ಕೊಟ್ಟಿದ್ರೆ?" ಎಂದಳು ಮತ್ತೆ.

"ಅವಳನ್ನ ಕೇಳಿದ್ರಂತಾ?"

"ಇಲ್ಲ. ಕೋಳಿ ಕೊಟ್ಟು ಬಾ ಅಂತ ಅವನ ಮನೆಗೇ ಕಳಿಸಿದ್ರು. ಒಬ್ಬಳನ್ನೇ."

ಫೆಲಿಸ್ತಾಳ ಮುಖದ ನಗು ಹೊರಟುಹೋಯಿತು. "ಯಾರು ಕಳಿಸಿದ್ದು?" ಎಂದಳು. ನಲವತ್ತು ಹೆಂಗಸರು ನೆಲ ನೋಡಿದೆವು. ನಾನಂತೂ ನನ್ನ ಕಪ್ಪು ಬೆರಳುಗಳನ್ನೇ ಎಣಿಸುತ್ತ ಕೂತೆ.

ಅದೇ ಸಂಜೆ ಸೊಮೋಯೆ ಬಸ್ ನಿಲ್ದಾಣದಲ್ಲಿ ನಿಂತುಬಿಟ್ಟಳು. ನಾನು ಜೊತೆಗಿದ್ದೆ. ಜೈನಬು ಎದ್ದು ಶಿಕಮೋ ಎನ್ನುವ ಮೊದಲೇ ಇವಳು ಶುರುಮಾಡಿದಳು.

"ನಡಿ ಮಗಳೇ, ದೂರು ಕೊಡೋಣ. ಅವನು ಮಾಡಿದ್ದು ಅಪರಾಧವಂತೆ. ವಕೀಲರು ಹೇಳಿದ್ರು. ನಾನು ಸಾಕ್ಷಿ ಹೇಳ್ತೀನಿ. ಎದ್ದೇಳು."

ಜೈನಬು ಜಾಲರಿಯಿಂದ ಗೆಣಸು ಎತ್ತುತ್ತಲೇ ಇದ್ದಳು. "ಅವತ್ತು ನೀವೇ ತಮಾಷೆ ಅಂದ್ರಿ. ಇವತ್ತು ನೀವೇ ಅಪರಾಧ ಅಂತೀರಿ. ಅವತ್ತು ಹೋಗು ಅಂದ್ರಿ, ಹೋದೆ. ಇವತ್ತು ನಡಿ ಅಂತೀರಿ. ನನ್ನನ್ನ ಕೇಳೋದು ಯಾವಾಗ, ಬಿ ಸೊಮೋಯೆ?"

ಸೊಮೋಯೆ ಆ ದೂಳಿನಲ್ಲೇ ಕುಕ್ಕರುಗಾಲಲ್ಲಿ ಕೂತಳು. ಅಷ್ಟು ಹೊತ್ತು ಎತ್ತರದಲ್ಲಿದ್ದ ಮುಖ ಈಗ ಹುಡುಗಿಯ ಮುಖಕ್ಕಿಂತ ಕೆಳಗಾಯಿತು.

"ಈಗ ಕೇಳ್ತೀನಿ," ಎಂದಳು. "ಗೇಟಲ್ಲಿ ಅವನು ಮಾಡಿದ್ದು, ಆಡಿದ್ದು... ನಿನಗದು ಬೇಕಿತ್ತಾ?"

ಒಂದು ಬಸ್ಸು ಬಂದು ನಿಂತು, ಜನರನ್ನು ಇಳಿಸಿ, ಹತ್ತಿಸಿಕೊಂಡು ಹೋಯಿತು. ಬಾಣಲೆಯಲ್ಲಿದ್ದ ಗೆಣಸು ಸೀದು ಹೊಗೆ ಬಂತು. ಜೈನಬು ಅದನ್ನು ತೆಗೆಯಲಿಲ್ಲ.

"ಬೇಕಿರಲಿಲ್ಲ," ಎಂದಳು. "ಗೇಟಲ್ಲೂ ಬೇಕಿರಲಿಲ್ಲ, ಆ ಮನೇಲೂ ಬೇಕಿರಲಿಲ್ಲ. ಕೋಳಿ ಮುಂದಿಟ್ಟು ಕೈ ಮುಗಿದೆ. ಅವನು ಹೋಗಿ ಬಾಗಿಲ ಚಿಲಕ ಹಾಕಿದ. 'ತಪ್ಪುಕಾಣಿಕೆ ಇದಲ್ಲ ಕಣೇ, ನೀನು' ಅಂದ. ನಾನು ಕಿರುಚಿದೆ. 'ಯಾರನ್ನ ಕರೀತೀಯಾ, ಬಿ ಸೊಮೋಯೆನಾ? ಅವರಿಗೆ ಗೊತ್ತು, ಅದಕ್ಕೇ ತಾವು ಬರದೆ ನಿನ್ನ ಒಬ್ಬಳನ್ನೇ ಕಳಿಸಿರೋದು' ಅಂದ. ಆಮೇಲೆ ನಾನು ಕಿರುಚಲಿಲ್ಲ. ಕೋಳಿ ಒಂದೇ ಕೂಗ್ತಿತ್ತು."

ಅದು ನಾನೇ ಕಾಲು ಕಟ್ಟಿ ಕೊಟ್ಟ ಕೋಳಿ. ಸೊಮೋಯೆ ಅಲುಗಲಿಲ್ಲ.

"ನಿಮಗೆ ದಿನಾ ನಮಸ್ಕಾರ ಹೇಳ್ತಿದ್ದೆನಲ್ಲ," ಎಂದಳು ಹುಡುಗಿ. "ಮುಖ ನೋಡೋಕೆ. ನಿಮಗೆ ಗೊತ್ತಿತ್ತಾ, ಇಲ್ವಾ ಅಂತ. ಎಂಟು ತಿಂಗಳಾಯ್ತು, ನನಗೆ ಬೇಕಾಗಿರೋದು ಅದೊಂದೇ. ಅವನು ಏನು ಅಂತ ನನಗೆ ಗೊತ್ತು. ನೀವು ಏನು ಅಂತ ಗೊತ್ತಿಲ್ಲ."

ಊರಿಗೇ ಮಾತು ಕಲಿಸಿದ ಸೊಮೋಯೆ, ಕಣ್ರೀ! ಎದ್ದು, ನನ್ನನ್ನೂ ಬಿಟ್ಟು, ತಡವರಿಸುತ್ತ ಮನೆಯ ದಾರಿ ಹಿಡಿದಳು. ನನಗೆ ಅವಳ ಮೇಲೆ ಕೆಂಡದಂಥ ಸಿಟ್ಟು ಬಂತು. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಆ ಹುಡುಗಿ ಅಂದು ನೆಮ್ಮದಿಯಾಗಿ ಮಲಗುತ್ತಿದ್ದಳಲ್ಲ!

ಮೊಕದ್ದಮೆ ಏನಾಯಿತು ಎಂದು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೇಳಬೇಡಿ. ಇನ್ನೂ ಇಬ್ಬರು ಹುಡುಗಿಯರು ಬಾಯಿಬಿಟ್ಟರು. ಕಾಸ್ಟೋರ್‌ನ ವಕೀಲ ಸಮಿತಿಯ ಪುಸ್ತಕ ತೆರೆದು ತೋರಿಸಿದ: ತಮಾಷೆಯ ವಿಷಯ, ತೀರ್ಮಾನವಾಗಿದೆ, ಕೆಳಗೆ ಸೊಮೋಯೆಯ ಸಹಿ. ಸೊಮೋಯೆ ಸಾಕ್ಷಿಕಟ್ಟೆಯಲ್ಲಿ ನಿಂತು, "ಆ ಸಾಲು ತಪ್ಪು. ಬರೆಸಿದೋಳು ನಾನು, ತಪ್ಪು ನನ್ನದು," ಎಂದಳು. ಅವನು ಜೈಲಿಗೆ ಹೋದ. ಅವಳನ್ನು ಯಾರೂ ಸಮಿತಿಯಿಂದ ತೆಗೆಯಲಿಲ್ಲ, ತಾನೇ ಬಿಟ್ಟಳು. ಯಾವೋಗಳೇ ಕೆಲವರು ಅವಳನ್ನು ಕಟ್ಟಳೆ ಮಾರಿದವಳು ಎಂದರು. ಅದಕ್ಕೆ ಅವಳು ಸೊಪ್ಪು ಹಾಕಲಿಲ್ಲ. ಆದರೆ ನಾನು ಹೇಳಬೇಕಾದದ್ದು ಇದೆಲ್ಲಕ್ಕಿಂತ ಮುಂಚಿನದು, ದೂರು ಬರೆಸಿದ ದಿನದ್ದು.

ಬಸ್ ನಿಲ್ದಾಣದ ಆ ಸಂಜೆಯಾಗಿ ಮೂರನೆಯ ದಿನ ಜೈನಬು ಸೊಮೋಯೆಯ ಅಂಗಳಕ್ಕೆ ಬಂದಳು. ಸೊಮೋಯೆ ಮೊರದಲ್ಲಿ ಜೋಳ ಕೇರುತ್ತಿದ್ದಳು. ಮೂರು ದಿನದಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ.

"ನಾನು ಠಾಣೆಗೆ ಹೋಗ್ತಾ ಇದ್ದೀನಿ. ನಾನೇ ಯೋಚ್ನೆ ಮಾಡಿ ಹೋಗ್ತಿರೋದು," ಎಂದಳು ಹುಡುಗಿ. "ನೀವು ಬರ್ಬೇಕು. ನನ್ನ ಪಕ್ಕ ಕೂರೋಕಲ್ಲ. ನನ್ನ ದೂರಲ್ಲಿ ನಿಮ್ಮ ಹೆಸರೂ ಇದೆ."

ಸೊಮೋಯೆ ಮೊರ ಕೆಳಗಿಟ್ಟಳು. ಒಳಗೆ ಹೋಗಿ, ಹಬ್ಬಕ್ಕೆ ಉಡುವ ಕಾಂಗಾ ಹೊದ್ದು ಬಂದಳು.

ಠಾಣೆಯಲ್ಲಿ ಹೆಂಗಸರ ದೂರಿಗೆಂದೇ ಒಂದು ಮೇಜು, ಅಲ್ಲೊಬ್ಬ ಪೊಲೀಸಮ್ಮ. ತಾಳ್ಮೆಯವಳು. ಜೈನಬು ಹೇಳಿದ್ದನ್ನೆಲ್ಲ, ಗೇಟಿನಿಂದ ಚಿಲಕದವರೆಗೆ, ನಿಧಾನವಾಗಿ ಬರೆದುಕೊಂಡಳು. ಎರಡು ಹಾಳೆ ತುಂಬಿತು. ಆಮೇಲೆ ಜೈನಬು, "ಇನ್ನೊಬ್ಬರಿದ್ದಾರೆ," ಎಂದು ಬಾಗಿಲ ಬಳಿ ನಿಂತಿದ್ದ ಸೊಮೋಯೆಯನ್ನು ತೋರಿಸಿದಳು. "ನನ್ನನ್ನ ಅಲ್ಲಿಗೆ ಕಳಿಸಿದ್ದು ಇವರು."

ಪೊಲೀಸಮ್ಮ ಸೊಮೋಯೆಯನ್ನು ಕರೆದು ಕೂರಿಸಿದಳು. "ಅಮ್ಮಾ, ಸರಿಯಾಗಿ ಕೇಳಿಸ್ಕೊಳ್ಳಿ. ಅವನು ಏನು ಮಾಡ್ತಾನೆ ಅಂತ ಗೊತ್ತಿದ್ದೂ ಕಳಿಸಿದ್ರೆ ನೀವೂ ಅಪರಾಧಿ. ಗೊತ್ತಿಲ್ದೆ ಕಳಿಸಿದ್ರೆ ಬರೀ ಸಾಕ್ಷಿ. ಯೋಚ್ನೆ ಮಾಡಿ ಹೇಳಿ. ಗೊತ್ತಿತ್ತಾ?"

ಇಲ್ಲ ಎಂದುಬಿಡೇ, ಮುಂಡೇದೇ, ಎಂದು ನನ್ನ ಒಳಗೆ ಒಂದು ದನಿ ಕೂಗುತ್ತಿತ್ತು. ಸೊಮೋಯೆ ಪೊಲೀಸಮ್ಮನನ್ನು ನೋಡಲಿಲ್ಲ. ಕುರ್ಚಿಯನ್ನು ತಿರುಗಿಸಿಕೊಂಡು ಜೈನಬುವಿನ ಮುಖಕ್ಕೆ ಮುಖ ಕೊಟ್ಟಳು.

"ಅರ್ಧ ಗೊತ್ತಿತ್ತು," ಎಂದಳು. "ನೀನು ಜೊತೆಗೆ ಬರ್ತೀರಾ ಅಂತ ಕೇಳಿದಾಗ ನನ್ನ ಗುಮಾಸ್ತನ ಕೋಣೆ ನೆನಪಾಯ್ತು. ಅಲ್ಲೂ ಚಿಲಕ ಇತ್ತು, ಮಗಳೇ. ಬಂದ್ರೆ ಅದನ್ನ ಮತ್ತೆ ನೋಡ್ಬೇಕಾಗುತ್ತೆ ಅನ್ನಿಸ್ತು. ಅದಕ್ಕೇ ಕಟ್ಟಳೆ ಅಂದೆ. ಪೂರ್ತಿ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅಂದ್ರೂ ಸುಳ್ಳಾಗುತ್ತೆ."

ಜೈನಬು ಬಹಳ ಹೊತ್ತು ಅವಳನ್ನು ನೋಡಿದಳು. ಆ ನೋಟವನ್ನು ನಾನು ವಿವರಿಸಲಾರೆ. ಕ್ಷಮೆಯಂತೂ ಅದಾಗಿರಲಿಲ್ಲ.

ಪೊಲೀಸಮ್ಮ ಪೆನ್ನನ್ನು ಮೇಜಿನ ಮೇಲಿಟ್ಟಳು. "ಅರ್ಧಕ್ಕೆ ಕಾನೂನಲ್ಲಿ ಯಾವ ಕಲಮೂ ಇಲ್ಲ, ಅಮ್ಮ," ಎಂದಳು. "ಇದನ್ನ ದೂರಲ್ಲಿ ಬರೆದ್ರೂ ನಿಮ್ಮ ಮೇಲೆ ಯಾವ ಕ್ರಮವೂ ಆಗಲ್ಲ. ಸುಮ್ಮನೆ ಯಾಕೆ?"

"ಆಗಲ್ಲ ಅಂತ ಗೊತ್ತು," ಎಂದಳು ಜೈನಬು. "ಆದ್ರೂ ಬರ್ಕೊಳ್ಳಿ."

ಪೊಲೀಸಮ್ಮ ಸೊಮೋಯೆಯ ಕಡೆ ನೋಡಿದಳು. ಸೊಮೋಯೆ ಬರೆದುಕೊಳ್ಳಿ ಎಂಬಂತೆ ತಲೆಯಾಡಿಸಿ, ತನ್ನ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು, ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದಳು.